ಆಟದಲ್ಲಿ ತಪ್ಪೆಂಬುದುಂಟೆ?

ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಮರ ಕಡಿಯುವುದನ್ನು ಕಲಿತೆ. ಅದೂ ಕೊಡಲಿಯಿಲ್ಲದೆ, ಬರಿಗೈಯಲ್ಲಿ ಗುದ್ದಿ ಗುದ್ದಿ. ವಿಜಯನಗರದ ನಮ್ಮ ಮನೆಯ ನಡುಮನೆಯಲ್ಲಿ ಕುಳಿತು, ಮಂಡಿನೋವಿಗೆ ಹಚ್ಚಿದ ಎಣ್ಣೆ ಆರುವುದರೊಳಗಾಗಿ ಒಂದು ಓಕ್ ಮರವನ್ನು ಉರುಳಿಸಿದೆನೆಂದರೆ ನನ್ನನ್ನು ಬಲ್ಲವರು ನಂಬಲಾರರು. ನಂಬದಿರುವುದೇ ಸರಿ, ಏಕೆಂದರೆ ಮರ ಉರುಳಲಿಲ್ಲ. ಬುಡವನ್ನು ಕಿತ್ತ ಮೇಲೂ ಅದರ ಮೇಲ್ಭಾಗವೆಲ್ಲ ಗಾಳಿಯಲ್ಲಿ ಹಾಗೆಯೇ ನಿಂತಿತ್ತು. ಆ ಲೋಕದ ನಿಯಮವೇ ಹಾಗೆ.

ಆ ಲೋಕದ ಹೆಸರು ಮೈನ್‌ಕ್ರಾಫ್ಟ್. ಕಂಪ್ಯೂಟರಿನಲ್ಲಿ ಆಡುವ ಒಂದು ಆಟ. ಸ್ವೀಡನ್ ದೇಶದ ಮಾರ್ಕಸ್ ಪರ್ಸನ್ ಎಂಬ ತರುಣ 2009ರಲ್ಲಿ ಇದನ್ನು ಮೊದಲು ಹೊರಗೆ ಬಿಟ್ಟ. 2011ರಲ್ಲಿ ಅದರ ಪೂರ್ಣರೂಪ ಬಂತು. 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು ತಯಾರಿಸಿದ ಕಂಪನಿಯನ್ನೇ 250 ಕೋಟಿ ಡಾಲರು ಕೊಟ್ಟು ಕೊಂಡಿತು. 2023ರ ವೇಳೆಗೆ ಈ ಆಟದ ಮೂವತ್ತು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಇಷ್ಟು ಜನ ಒಂದು ಗೀಳಿಗೆ ಬಿದ್ದಿರುವಾಗ ವಿಜಯನಗರ ಮಾತ್ರ ಹೇಗೆ ಉಳಿದೀತು?

ನನ್ನ ಗುರುವಿಗೆ ಹನ್ನೊಂದು ವರ್ಷ, ಮಗನ ಮಗ. ಬೇಸಗೆಯ ರಜ. ತಂದೆತಾಯಿಗಳು ಬೆಳಗ್ಗೆ ಮೆಟ್ರೋ ಹಿಡಿದು ಹೊರಟರೆ ಮನೆಯಲ್ಲಿ ಉಳಿಯುವವರು ನಾವು ಮೂವರು: ನಾನು, ನನ್ನ ಹೆಂಡತಿ, ಆ ಹುಡುಗ. "ಹಗಲೆಲ್ಲ ಅದೇ ಆಟ. ಕಡಿಯೋದು, ಬಡಿಯೋದು, ಕೊಲ್ಲೋದು. ಹುಡುಗ ಕೆಟ್ಟುಹೋಗ್ತಾನೆ, ನೀವು ಒಂದು ಮಾತು ಹೇಳಬಾರದೇ?" ಎಂದು ಅವನ ಅಜ್ಜಿ ದಿನಕ್ಕೆರಡು ಸಲವಾದರೂ ನನ್ನನ್ನು ಚುಚ್ಚುತ್ತಿದ್ದಳು. ಹೇಳಬಹುದಿತ್ತು. ಆದರೆ ಆಡದೆ ಆಟವನ್ನು ಬಯ್ಯುವುದು, ಓದದೆ ಪುಸ್ತಕವನ್ನು ಬಯ್ದಂತೆ. ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಗ್ರಂಥಪಾಲಕನಾಗಿದ್ದವನು ನಾನು. ಓದದೆ ಬಯ್ಯುವವರನ್ನು ಬೇಕಾದಷ್ಟು ಕಂಡಿದ್ದೇನೆ. ಅವರ ಸಾಲಿಗೆ ಸೇರಲು ಮನಸ್ಸಾಗದೆ ಹುಡುಗನ ಶಿಷ್ಯನಾದೆ.

ಇಂಥ ಆಟಗಳನ್ನು ಸ್ಯಾಂಡ್‌ಬಾಕ್ಸ್ ಆಟಗಳೆನ್ನುತ್ತಾರಂತೆ. ಎಂದರೆ ಮರಳಿನ ಪೆಟ್ಟಿಗೆ. ಹೆಸರು ಕೇಳಿದೊಡನೆ ನನಗೆ ವಿಷಯ ಅರ್ಥವಾಯಿತು. ನಮ್ಮ ಬಡಾವಣೆಯಲ್ಲಿ ಮನೆಗಳು ಏಳುತ್ತಿದ್ದ ಕಾಲದಲ್ಲಿ ಬೀದಿಬೀದಿಗೂ ಮರಳಿನ ರಾಶಿ ಬಿದ್ದಿರುತ್ತಿತ್ತು. ನನ್ನ ಮಕ್ಕಳು ಸಂಜೆಯೆಲ್ಲ ಅದರ ಮೇಲೆಯೇ. ಹಸಿಮರಳಿನಲ್ಲಿ ಪಾದವಿಟ್ಟು, ಮೇಲೆ ಮರಳು ತಟ್ಟಿ, ಮೆಲ್ಲಗೆ ಪಾದವನ್ನು ಎಳೆದುಕೊಂಡರೆ ಗುಬ್ಬಚ್ಚಿ ಗೂಡು. ಅದರಲ್ಲಿ ಗೆದ್ದವರಿಲ್ಲ, ಸೋತವರಿಲ್ಲ. ಹೀಗೆ ಮಾಡು ಎನ್ನುವ ಮೇಷ್ಟ್ರಿಲ್ಲ. ಮೈನ್‌ಕ್ರಾಫ್ಟೂ ಹಾಗೆಯೇ. ನಿಮ್ಮನ್ನು ಒಂದು ಕಾಡಿನ ಅಂಚಿನಲ್ಲೋ ಸಮುದ್ರದ ದಡದಲ್ಲೋ ಬರಿಗೈಯಲ್ಲಿ ಇಳಿಸಿಬಿಡುತ್ತಾರೆ. ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಹಸಿವಾಗುತ್ತದೆ, ಕತ್ತಲಾಗುತ್ತದೆ, ಸಾವು ಬರುತ್ತದೆ. ಮಿಕ್ಕದ್ದೆಲ್ಲ ನಿಮಗೆ ಬಿಟ್ಟದ್ದು.

"ಮೊದಲ ರಾತ್ರಿ ದಾಟಿದರೆ ಸಾಕು ತಾತ, ಆಮೇಲೆಲ್ಲ ಸುಲಭ" ಎಂದ ಗುರು. ಅಡಿಗೆಮನೆಯಿಂದ ನನ್ನ ಹೆಂಡತಿ ಇಣುಕಿ ನೋಡಿದಳು.

ಮೊದಲ ರಾತ್ರಿಯ ಪಾಠ ಇಷ್ಟು. ಆ ಲೋಕದ ಒಂದು ದಿನವೆಂದರೆ ನಮ್ಮ ಇಪ್ಪತ್ತು ನಿಮಿಷ. ಅದರಲ್ಲಿ ಚೆನ್ನಾಗಿ ಬೆಳಕಿರುವುದು ಹತ್ತು ನಿಮಿಷ ಮಾತ್ರ. ಆ ಹತ್ತು ನಿಮಿಷದಲ್ಲಿ ಹೂವು, ಮೋಡ ನೋಡುತ್ತ ನಿಲ್ಲಬಾರದು. ಮೊದಲು ಮರವನ್ನು ಗುದ್ದಿ ದಿಮ್ಮಿ ಸಂಪಾದಿಸಬೇಕು. ಒಂದು ದಿಮ್ಮಿಗೆ ನಾಲ್ಕು ಹಲಗೆ; ನಾಲ್ಕು ಹಲಗೆಗೆ ಒಂದು ಕೆಲಸದ ಮೇಜು. ಮೂರು ಹಲಗೆ, ಎರಡು ಕೋಲು ಸೇರಿದರೆ ಮರದ ಗುದ್ದಲಿ. ಮರದ ಗುದ್ದಲಿಯಿಂದ ಕಲ್ಲು ಕಿತ್ತೊಡನೆ ಕಲ್ಲಿನ ಗುದ್ದಲಿ ಮಾಡಿಕೊಂಡು ಮರದ್ದನ್ನು ಮರೆತುಬಿಡಬೇಕು. ಎಂಟು ಕಲ್ಲಿಗೆ ಒಂದು ಕುಲುಮೆ. ಕಲ್ಲಿದ್ದಲು ಸಿಕ್ಕರೆ ಪುಣ್ಯ. ಸಿಗದಿದ್ದರೆ ದಿಮ್ಮಿಯನ್ನೇ ಕುಲುಮೆಯಲ್ಲಿ ಸುಟ್ಟು ಇದ್ದಲು ಮಾಡಿಕೊಳ್ಳಬೇಕು. ಒಂದು ಇದ್ದಲು, ಒಂದು ಕೋಲು ಸೇರಿದರೆ ನಾಲ್ಕು ಪಂಜು. ಹೊತ್ತು ಮುಳುಗುವ ಮುನ್ನ ಗುಡ್ಡದ ಮಗ್ಗುಲಲ್ಲಿ ಒಂದು ಬಿಲ ತೋಡಿ, ಒಳಗೆ ಹೊಕ್ಕು, ಬಾಯಿ ಮುಚ್ಚಿಕೊಂಡು, ಪಂಜು ನೆಟ್ಟು ಕೂತುಬಿಟ್ಟರೆ ಆಯಿತು. ಅರಮನೆ ನಾಳೆ ಕಟ್ಟಬಹುದು.

ಹೊರಗೆ ಉಳಿದವನ ಗತಿ ಏನು? ಕತ್ತಲಿದ್ದಲ್ಲಿ ಭೂತಗಳು ಹುಟ್ಟುತ್ತವೆ. ನಡೆದಾಡುವ ಹೆಣಗಳು, ಬಿಲ್ಲು ಹಿಡಿದ ಎಲುಬುಗೂಡುಗಳು, ಸದ್ದಿಲ್ಲದೆ ಬೆನ್ನ ಹಿಂದೆ ಬಂದು ಸಿಡಿದುಬಿಡುವ ಕ್ರೀಪರ್ ಎಂಬ ಹಸಿರು ಪ್ರಾಣಿ. ಈ ಆಟವನ್ನು ಸೃಷ್ಟಿಸಿದಾತ ಹಂದಿಯನ್ನು ಮಾಡಹೋಗಿ ಉದ್ದವನ್ನೂ ಎತ್ತರವನ್ನೂ ಅದಲುಬದಲು ಮಾಡಿದ್ದರಿಂದ ಕ್ರೀಪರ್ ಹುಟ್ಟಿತಂತೆ. ಗಣಪತಿಯನ್ನು ಮಾಡಹೋಗಿ ಅವರಪ್ಪನನ್ನು ಮಾಡಿದರೆಂಬ ಗಾದೆ ಸ್ವೀಡನ್ನಿಗೂ ಹೋಗಿದೆಯೆಂದಾಯಿತು.

ಮುಂದಿನ ಪಾಠಗಳನ್ನು ನಾನು ಹಳೆಯ ಡೈರಿಯೊಂದರಲ್ಲಿ ಬರೆದುಕೊಂಡಿದ್ದೇನೆ. ಕಾಲಡಿಯ ನೆಲವನ್ನು ನೇರವಾಗಿ ಎಂದೂ ಅಗೆಯಬಾರದು. ಕೆಳಗೆ ಕುದಿಯುವ ಲಾವಾ ಇರಬಹುದು. ತಲೆಯ ಮೇಲಕ್ಕೂ ನೇರವಾಗಿ ಅಗೆಯಬಾರದು. ಮರಳೋ ಜಲ್ಲಿಯೋ ಮೇಲೆ ಕುಸಿಯಬಹುದು. ಇರುವುದನ್ನೆಲ್ಲ ಮೈಮೇಲೆ ಹೇರಿಕೊಂಡು ತಿರುಗಬಾರದು. ಸತ್ತರೆ ಸಾಮಾನೆಲ್ಲ ಅಲ್ಲೇ ಚೆಲ್ಲುತ್ತದೆ, ಹತ್ತಿರ ಹೋದ ಮೇಲೆ ಐದು ನಿಮಿಷದೊಳಗೆ ಹೆಕ್ಕಿಕೊಳ್ಳದಿದ್ದರೆ ಮಾಯ. ಆದ್ದರಿಂದ ಬೆಲೆಬಾಳುವುದನ್ನು ಪೆಟ್ಟಿಗೆಯಲ್ಲಿಡಬೇಕು. ಮೂರು ಹಲಗೆ, ಮೂರು ಉಣ್ಣೆ ಇದ್ದರೆ ಹಾಸಿಗೆ. ಹಾಸಿಗೆಯಲ್ಲಿ ಮಲಗಿದವನು ಸತ್ತರೆ ಮತ್ತೆ ಅಲ್ಲಿಯೇ ಎದ್ದು ಕೂರುತ್ತಾನೆ. ಆ ಉಣ್ಣೆಗಾಗಿ ಹೊಸಬರೆಲ್ಲ ಕುರಿಯನ್ನು ಕೊಲ್ಲುತ್ತಾರೆ. ಎರಡು ಕಬ್ಬಿಣದ ಗಟ್ಟಿಯಿಂದ ಕತ್ತರಿ ಮಾಡಿಕೊಂಡರೆ ಕುರಿ ಸಾಯುವುದಿಲ್ಲ, ಉಣ್ಣೆಯೂ ಹೆಚ್ಚು ಸಿಗುತ್ತದೆ. ಕುರಿ ಹುಲ್ಲು ಮೇಯ್ದು ಮತ್ತೆ ಉಣ್ಣೆ ಬೆಳೆಸಿಕೊಳ್ಳುತ್ತದೆ. ಕಡಿದ ಪ್ರತಿಯೊಂದು ಮರಕ್ಕೂ ಬದಲಾಗಿ, ಉದುರಿದ ಸಸಿಯೊಂದನ್ನು ಅಲ್ಲೇ ನೆಡಬೇಕು. ಈ ಕೊನೆಯ ಎರಡು ಪಾಠಗಳನ್ನು ಹುಡುಗ ಹೇಳುವಾಗ, ಹೆಂಡತಿಗೆ ಕೇಳಲೆಂದೇ ನಾನು ಗಟ್ಟಿಯಾಗಿ "ಭೇಷ್" ಎಂದೆ. ಇಂಥ ಆಟದಿಂದ ಹುಡುಗ ಕೆಟ್ಟಾನೆಯೆ? ವಿಚಾರಣೆ ಮುಗಿಯಿತು, ಆಪಾದಿತ ನಿರ್ದೋಷಿ ಎಂದು ಬರೆದು ಡೈರಿಯನ್ನು ಮುಚ್ಚುವುದರಲ್ಲಿದ್ದೆ.

ಆಗ ಹಳ್ಳಿಯ ಪಾಠ ಬಂತು.

ಆ ಲೋಕದಲ್ಲಿ ಅಲ್ಲಲ್ಲಿ ಹಳ್ಳಿಗಳಿವೆ. ಅಲ್ಲಿನ ಜನರಿಗೆ ದೊಡ್ಡ ಮೂಗು. ಕೈಗಳನ್ನು ತೋಳಿನೊಳಗೆ ಅಡಗಿಸಿಕೊಂಡು ಓಡಾಡುತ್ತಾರೆ. "ಹ್ಞೂಂ" ಎಂಬುದೊಂದೇ ಅವರ ಮಾತು. 2019ರಲ್ಲಿ ಆಟವನ್ನು ತಿದ್ದಿದಾಗ ಇವರ ಬದುಕು ವಿಸ್ತಾರವಾಯಿತು. ಒಬ್ಬ ರೈತ, ಒಬ್ಬ ಕಮ್ಮಾರ, ಒಬ್ಬ ಕುರುಬ. ಬೆಳಗ್ಗೆ ಕೆಲಸಕ್ಕೆ ಹೋಗುತ್ತಾರೆ, ಮಧ್ಯಾಹ್ನದ ಮೇಲೆ ಊರಗಂಟೆಯ ಬಳಿ ಕೂಡಿ ಹರಟುತ್ತಾರೆ, ಕತ್ತಲಾದರೆ ಅವರವರ ಹಾಸಿಗೆ ಹುಡುಕಿಕೊಂಡು ಮಲಗುತ್ತಾರೆ. ಊರ ಕಾವಲಿಗೆ ಕಬ್ಬಿಣದ ಭಟನೊಬ್ಬ; ಒಮ್ಮೊಮ್ಮೆ ಅವನು ಊರ ಮಕ್ಕಳಿಗೆ ಕೆಂಪು ಹೂವೊಂದನ್ನು ಚಾಚುತ್ತಾನೆ. ಅದನ್ನು ನೋಡಿ ನನ್ನ ಹೆಂಡತಿಯೂ ಕುರ್ಚಿ ಎಳೆದುಕೊಂಡು ಕೂತಳು. ಈ ಜನ ಪಚ್ಚೆಯ ಹರಳಿಗೆ ಸಾಮಾನು ಮಾರುತ್ತಾರೆ. ಇವರಲ್ಲಿ ಗ್ರಂಥಪಾಲಕನೂ ಒಬ್ಬನಿದ್ದಾನೆಂದು ತಿಳಿದಾಗ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಅವನ ಮುಂದೆ ಪುಸ್ತಕವಿಡುವ ವ್ಯಾಸಪೀಠ. ಅವನು ಮಾರುವ ಮಂತ್ರದ ಪುಸ್ತಕವಿದ್ದರೆ ಗುದ್ದಲಿ ಸವೆಯದಂತೆ ನೋಡಿಕೊಳ್ಳಬಹುದು.

"ನಿನ್ನ ಊರಿನ ಗ್ರಂಥಪಾಲಕರನ್ನು ತೋರಿಸು" ಎಂದೆ.

ಹುಡುಗ ತೋರಿಸಿದ. ಉದ್ದನೆಯ ಒಂದು ಗೋಡೆ. ಗೋಡೆಯಲ್ಲಿ ಸಾಲಾಗಿ ಒಂಬತ್ತು ಗೂಡು. ಪ್ರತಿ ಗೂಡಿನ ಅಗಲ ಒಂದು ಮೀಟರು, ಆಳ ಒಂದು ಮೀಟರು, ಎತ್ತರ ಎರಡು. ಪ್ರತಿಯೊಂದರಲ್ಲಿ ಒಬ್ಬ ಗ್ರಂಥಪಾಲಕ ನಿಂತಿದ್ದ. ಹಿಂದೆ ಗೋಡೆ, ಆಚೆಗೊಂದು ಈಚೆಗೊಂದು ಗೋಡೆ, ಮುಂದೆ ವ್ಯಾಸಪೀಠ. ಬಾಗಿಲಿಲ್ಲ. ಹಾಸಿಗೆಯಿಲ್ಲ. ಒಂಬತ್ತು ಜನವೂ ನನ್ನ ಕಡೆ ತಿರುಗಿ "ಹ್ಞೂಂ" ಎಂದರು.

ಗುರು ಉತ್ಸಾಹದಿಂದ ವಿವರಿಸಿದ. ಊರಿನಲ್ಲಿ ಬಿಟ್ಟರೆ ಇವರು ಅಲೆಯುತ್ತಾರೆ, ಬೇಕೆಂದಾಗ ಸಿಗುವುದಿಲ್ಲ, ರಾತ್ರಿ ಹೆಣಗಳಿಗೆ ತುತ್ತಾಗುತ್ತಾರೆ. ಆದ್ದರಿಂದ ಒಬ್ಬೊಬ್ಬನನ್ನಾಗಿ ದೋಣಿಯಲ್ಲಿ ಕೂರಿಸಿ, ಒಣನೆಲದ ಮೇಲೆಯೇ ದೋಣಿ ನಡೆಸಿ ತಂದು, ಗೂಡಿಗೆ ತಳ್ಳಿ ಗೋಡೆ ಕಟ್ಟಬೇಕು. ಬೇಕಾದ ಪುಸ್ತಕವನ್ನು ಅವನು ಮಾರದಿದ್ದರೆ ವ್ಯಾಸಪೀಠವನ್ನು ಒಡೆಯಬೇಕು. ಅವನ ಉದ್ಯೋಗ ಹೋಗುತ್ತದೆ. ಮತ್ತೆ ಇಟ್ಟರೆ ಮತ್ತೆ ಗ್ರಂಥಪಾಲಕನಾಗಿ ಬೇರೆ ಪುಸ್ತಕ ಹಿಡಿಯುತ್ತಾನೆ. ಸರಿಯಾದುದು ಸಿಗುವವರೆಗೆ ಹೀಗೆ ಇಪ್ಪತ್ತು ಸಲವಾದರೂ ಸರಿ. ಬೆಲೆ ಇನ್ನೂ ಇಳಿಯಬೇಕಾದರೆ ಹೆಣವೊಂದನ್ನು ತಂದು ಅವನಿಗೆ ಕಚ್ಚಿಸಬೇಕು. ಅವನೂ ಹೆಣವಾಗುತ್ತಾನೆ. ಬಳಿಕ ಮದ್ದೆರಚಿ ಚಿನ್ನದ ಸೇಬು ಕೊಟ್ಟು ಗುಣಪಡಿಸಿದರೆ, ಪಾಪ, ಜೀವ ಉಳಿಸಿದಿರೆಂಬ ಕೃತಜ್ಞತೆಯಿಂದ ಅಗ್ಗಕ್ಕೆ ಮಾರುತ್ತಾನೆ. ನಾವೇ ರೋಗ ಹತ್ತಿಸಿ, ನಾವೇ ವೈದ್ಯರಾಗಿ, ಕೃತಜ್ಞತೆಯನ್ನು ದರದಲ್ಲಿ ವಸೂಲು ಮಾಡುವ ಈ ಉಪಾಯವನ್ನು ನನ್ನ ಮೊಮ್ಮಗ ಕಂಡುಹಿಡಿದದ್ದಲ್ಲ. ಲೋಕದ ಆಟಗಾರರೆಲ್ಲ ಹೊಸಬರಿಗೆ ಹೇಳಿಕೊಡುವ ಪಾಠವಂತೆ.

"ಇದು ತಪ್ಪಲ್ಲವೇನೋ?" ಎಂದೆ.

"ಅವರಿಗೆ ನೋವಾಗಲ್ಲ ತಾತ. ಅವು ಬರೀ ಪ್ರೋಗ್ರಾಮ್" ಎಂದ ಹುಡುಗ.

ಆ ರಾತ್ರಿ ನನಗೆ ನಿದ್ದೆ ಬರಲು ತಡವಾಯಿತು. ಹುಡುಗನ ಉತ್ತರ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಹುಲಿ-ಕುರಿ ಆಟದಲ್ಲಿ ನಾನು ಎಷ್ಟು ಕುರಿಗಳನ್ನು ತಿಂದಿಲ್ಲ! ಚದುರಂಗದಲ್ಲಿ ಎಷ್ಟು ಕಾಲಾಳುಗಳನ್ನು ಬಲಿಕೊಟ್ಟಿಲ್ಲ! ಧರ್ಮರಾಯನ ಜೂಜನ್ನು 'ಆಟ ತಾನೆ' ಎಂದು ಯಾರೂ ಮನ್ನಿಸಲಿಲ್ಲ, ನಿಜ. ಆದರೆ ಅಲ್ಲಿ ಪಣಕ್ಕಿಟ್ಟದ್ದು ನಿಜವಾದ ಮನುಷ್ಯರನ್ನು. ಇಲ್ಲಿ ಅಳುವವರಾರು? ನೋಯುವವರಿಲ್ಲದ ಕಡೆ ತಪ್ಪೆಲ್ಲಿಂದ ಬರಬೇಕು?

ಯೋಚಿಸುತ್ತ ಹೋದಂತೆ ಒಂದು ವ್ಯತ್ಯಾಸ ಕಂಡಿತು. ಹುಲಿ-ಕುರಿಯಲ್ಲಿ ಹುಲಿ ಹಿಡಿದವನು ಕುರಿ ತಿನ್ನಲೇಬೇಕು. ಅದು ಆಟದ ಆಜ್ಞೆ. ಎದುರಿಗೆ ಕೂತವನೂ ಆ ಆಜ್ಞೆಗೆ ಒಪ್ಪಿಯೇ ಕೂತಿದ್ದಾನೆ. ತಿಂದದ್ದರ ಹೊಣೆ ಹುಲಿಯಾಡಿದವನದಲ್ಲ, ಆಟದ್ದು. ಮರಳಿನ ಪೆಟ್ಟಿಗೆಯಲ್ಲಿ ಆಜ್ಞೆಯಿಲ್ಲ. ಗ್ರಂಥಪಾಲಕನನ್ನು ಗೂಡಿಗೆ ತಳ್ಳು ಎಂದು ಮೈನ್‌ಕ್ರಾಫ್ಟ್ ಎಲ್ಲೂ ಹೇಳುವುದಿಲ್ಲ. ಅವನಿಗೊಂದು ಮನೆ, ಅಂಗಳ ಕಟ್ಟಿಕೊಟ್ಟರೂ ಅದು ಬೇಡವೆನ್ನುವುದಿಲ್ಲ. ಆಜ್ಞೆಯಿಲ್ಲದ ಕಡೆ ಮಾಡಿದ್ದು ಪೂರ್ತಿ ನಮ್ಮದೇ. ಅಂದಮೇಲೆ ಆಟ ಎಂಬ ನೆಪ ಇಂಥ ಆಟಗಳಲ್ಲಿ ಅಷ್ಟಾಗಿ ಸಲ್ಲುವುದಿಲ್ಲ.

ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ನೆನಪಾದ. ಪ್ರಾಣಿಗಳ ವಿಷಯದಲ್ಲಿ ನಮಗೆ ನೇರವಾದ ಕರ್ತವ್ಯವಿಲ್ಲವೆಂಬುದು ಅವನ ಮತ. ಅದನ್ನು ನಾನು ಒಪ್ಪುವುದಿಲ್ಲ. ಆದರೂ ಪ್ರಾಣಿಗಳನ್ನು ಹಿಂಸಿಸಬಾರದು, ಹಿಂಸಿಸಿದವನ ಮನಸ್ಸು ಮನುಷ್ಯರ ವಿಷಯದಲ್ಲೂ ಕಲ್ಲಾಗುತ್ತದೆ ಎಂದು ಅವನು ಪಾಠ ಹೇಳುತ್ತಿದ್ದ; ಅದಕ್ಕೆ ಹೋಗಾರ್ತ್ ಎಂಬ ಇಂಗ್ಲಿಷ್ ಚಿತ್ರಗಾರನ ಚಿತ್ರಗಳನ್ನು ಉದಾಹರಿಸುತ್ತಿದ್ದ. 1751ರ ಆ ನಾಲ್ಕು ಚಿತ್ರಗಳಲ್ಲಿ ಮೊದಲನೆಯದರಲ್ಲಿ ಒಬ್ಬ ಹುಡುಗ ನಾಯಿಯನ್ನು ಹಿಂಸಿಸುತ್ತಾನೆ. ಕೊನೆಯ ಚಿತ್ರದ ವೇಳೆಗೆ ಅವನು ಕೊಲೆಗಾರನಾಗಿ, ಗಲ್ಲಿಗೇರಿ, ವೈದ್ಯರ ಕತ್ತಿಯ ಕೆಳಗೆ ಹೆಣವಾಗಿ ಮಲಗಿದ್ದಾನೆ. ಆಟದಿಂದ ಬದುಕಿಗೆ ಇಳಿಯುವ ಮೆಟ್ಟಿಲುಗಳು ಇವು ಎಂದುಕೊಂಡೆ.

ಅಷ್ಟು ದೂರ ಏಕೆ ಹೋಗಬೇಕು? ನಮ್ಮ ಕನಕದಾಸರ ಬಾಳೆಹಣ್ಣಿನ ಕಥೆಯೇ ಇದೆಯಲ್ಲ. ಯಾರೂ ನೋಡದ ಕಡೆ ತಿಂದು ಬನ್ನಿ ಎಂದು ಗುರುಗಳು ಶಿಷ್ಯರಿಗೆಲ್ಲ ಒಂದೊಂದು ಹಣ್ಣು ಕೊಟ್ಟರು. ಒಬ್ಬ ಬಾಗಿಲ ಹಿಂದೆ ತಿಂದ, ಒಬ್ಬ ಬಂಡೆಯ ಮರೆಯಲ್ಲಿ ತಿಂದ. ಕನಕನೊಬ್ಬ ಹಣ್ಣನ್ನು ಹಾಗೆಯೇ ಹಿಡಿದು ತಂದ. ದೇವರು ನೋಡದ ಜಾಗ ಅವನಿಗೆ ಸಿಗಲಿಲ್ಲ. ನನ್ನ ಮೊಮ್ಮಗನಿಗೆ ಆ ಜಾಗ ಸಿಕ್ಕಿತ್ತು. ಎತ್ತ ಹೊರಟರೂ ಮೂರು ಕೋಟಿ ಮೀಟರು ಹರಡಿದ ಲೋಕ. ಅದರಲ್ಲಿ ಅವನೊಬ್ಬನೇ ಮನುಷ್ಯ.

ಅಲ್ಲಿ ನೋಡುವವರು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಹಳ್ಳಿಗನೊಬ್ಬನಿಗೆ ಹೊಡೆದರೆ ಸುದ್ದಿ ಬಾಯಿಂದ ಬಾಯಿಗೆ ಹರಡಿ ಬೆಲೆ ಏರುತ್ತದೆ, ಅತಿಯಾದರೆ ಕಬ್ಬಿಣದ ಭಟ ಏಟು ಕೊಡಲು ಬರುತ್ತಾನೆ. ಆದರೆ ಗೂಡಿಗೆ ತಳ್ಳಿ ಗೋಡೆ ಕಟ್ಟಿದರೆ ಯಾವ ಸುದ್ದಿಯೂ ಹರಡುವುದಿಲ್ಲ. ಬೆಲೆ ಏರುವುದಿಲ್ಲ. ಒಳಗಿದ್ದವನು ಎಂದಿನಂತೆ ವ್ಯಾಪಾರ ಮಾಡುತ್ತಾನೆ. ಆ ಲೋಕದಲ್ಲಿ ಪೆಟ್ಟಿಗೆ ಲೆಕ್ಕವಿದೆ, ಗೋಡೆಗೆ ಲೆಕ್ಕವಿಲ್ಲ.

ಇದನ್ನೆಲ್ಲ ಕಲೆಹಾಕಿಕೊಂಡು ಮರುದಿನ ಬೆಳಗ್ಗೆ ಕಾಫಿಯಾದ ಮೇಲೆ ಹುಡುಗನನ್ನು ಕೂರಿಸಿಕೊಂಡೆ. ಕನಕದಾಸರಿಂದ ಶುರುಮಾಡಿ ಕಾಂಟ್‌ವರೆಗೆ ಹೇಳಿದೆ. ಹುಡುಗ ಒಳ್ಳೆಯವನು, ಪೂರ್ತಿ ಕೇಳಿದ. ಕೊನೆಗೆ ನಾನು, "ಒಬ್ಬ ಮನುಷ್ಯನಿಗೆ ಇಷ್ಟೇ ಜಾಗ ಸಾಕು ಅಂತ ನಾವು ಹೇಗೋ ತೀರ್ಮಾನ ಮಾಡೋದು? ಕಿಟಕಿ ಕೂಡ ಇಲ್ಲವಲ್ಲೋ ಅದಕ್ಕೆ!" ಎಂದೆ.

"ನಮ್ಮ ಹಿಂದಿನ ಮನೆಗೂ ಇಲ್ಲವಲ್ಲ ತಾತ" ಎಂದ ಹುಡುಗ.

ಅವನು ವಾದಕ್ಕೆ ಹೇಳಲಿಲ್ಲ. ನಾನು ಏನೋ ಮರೆತಿದ್ದೇನೆಂದು ನೆನಪು ಮಾಡಿದ, ಅಷ್ಟೆ. ನನ್ನ ಹೆಂಡತಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಹಿಂದಿನ ಮನೆಯ ವಿಷಯವನ್ನು ಓದುಗರಿಗೆ ಹೇಳಬೇಕು. ನಮ್ಮದು 30 ಅಡಿಗೆ 40 ಅಡಿಯ ನಿವೇಶನ. ಮನೆ 1992ರಲ್ಲಿ ಸಾಲ ಮಾಡಿ ಕಟ್ಟಿದ್ದು. ಮಗಳ ಮದುವೆಯ ಸಾಲ ತೀರಿಸಲು 2004ರಲ್ಲಿ ಹಿತ್ತಲಿನಲ್ಲಿ ಹತ್ತಡಿಗೆ ಹತ್ತಡಿಯ ಒಂದು ಕೋಣೆ ಹಾಕಿಸಿ ಬಾಡಿಗೆಗೆ ಕೊಟ್ಟೆ. ಅದಕ್ಕೆ ಕಿಟಕಿಯಿತ್ತು. 2015ರಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗೆ ಮೆಟ್ರೋ ಓಡತೊಡಗಿತು. ನಮ್ಮ ಬೀದಿಯಲ್ಲಿ ಬಾಡಿಗೆ ಏರಿತು. ಮರುವರ್ಷ ನಾನು ನಿವೃತ್ತನಾದೆ. ನಿಯಮದ ಪ್ರಕಾರ ಬಿಡಬೇಕಾಗಿದ್ದ ಜಾಗದಲ್ಲಿ, ಮೊದಲ ಕೋಣೆಗೆ ಅಂಟಿಸಿ, ಇನ್ನೊಂದು ಕೋಣೆ ಎಬ್ಬಿಸಿದೆ. ಮೊದಲ ಕೋಣೆಯ ಕಿಟಕಿ ಅದರ ಗೋಡೆಗೆ ಬಂತು. ಇಟ್ಟಿಗೆಯಿಟ್ಟು ಮುಚ್ಚಿಸಿದೆ.

ಆಗಲೂ ಈಗಲೂ ಆ ಕೋಣೆಯಲ್ಲಿರುವುದು ಒಬ್ಬ ಹೆಂಗಸು ಮತ್ತು ಅವಳ ಮಗಳು. ತಾಯಿ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ, ಮಗಳು ಹೈಸ್ಕೂಲು. ಹಗಲು ಹೊತ್ತಿನಲ್ಲೂ ಅಲ್ಲಿ ದೀಪ ಉರಿಯಬೇಕು. ಕಿಟಕಿ ಮುಚ್ಚಿಸಿದ ದಿನ ನಾನು ಏನು ಯೋಚಿಸಿದ್ದೆನೆಂಬುದು ನನಗೆ ಚೆನ್ನಾಗಿ ನೆನಪಿದೆ: "ಬೆಳಗ್ಗೆ ಹೋದವಳು ರಾತ್ರಿ ಬರುತ್ತಾಳೆ, ಮಲಗುವುದಕ್ಕೆ ತಾನೆ, ಸಾಕು." ಅವಳೇನೂ ಆಕ್ಷೇಪಿಸಲಿಲ್ಲ. ಪ್ರತಿ ತಿಂಗಳೂ ಐದನೆಯ ತಾರೀಕು ಬಾಡಿಗೆ ತಂದುಕೊಟ್ಟಳು. ನಾನು ಅವಳಿಗೆ ಎಂದೂ ಗಟ್ಟಿಯಾಗಿ ಮಾತನಾಡಿದವನಲ್ಲ. ಹಬ್ಬಕ್ಕೆ ಒಬ್ಬಟ್ಟು ಕಳಿಸಿದ್ದೇವೆ. ಒಳ್ಳೆಯ ಮಾಲೀಕರೆಂದು ಬೀದಿಯಲ್ಲಿ ಹೆಸರಿದೆ. ಪೆಟ್ಟಿಗೆ ಲೆಕ್ಕವುಂಟು, ಗೋಡೆಗೆ ಲೆಕ್ಕವಿಲ್ಲ ಎಂದು ಮೈನ್‌ಕ್ರಾಫ್ಟನ್ನು ಕುರಿತು ನಾನು ಬರೆದುಕೊಂಡ ವಾಕ್ಯ ಡೈರಿಯಲ್ಲಿ ಇನ್ನೂ ಹಾಗೆಯೇ ಇತ್ತು.

ಕಾಂಟ್‌ನ ಮೆಟ್ಟಿಲುಗಳನ್ನು ನಾನು ತಲೆಕೆಳಗಾಗಿ ಹಿಡಿದಿದ್ದೆ. ಹುಡುಗ ಆಟದಲ್ಲಿ ಕಲಿತದ್ದು ಬದುಕಿಗೆ ಇಳಿಯುತ್ತದೆಂದು ನಾವೆಲ್ಲ ಹೆದರುತ್ತೇವೆ. ಇಳಿಯುವುದೂ ಉಂಟೇನೋ. ಆದರೆ ಗೂಡಿನ ಪಾಠವನ್ನು ಬೇರೆಯವರು ಹೇಳಿಕೊಟ್ಟಾಗ ಅದು ಅವನಿಗೆ ವಿಚಿತ್ರವಾಗಿ ಕಾಣಲಿಲ್ಲವಲ್ಲ, ಅದೇಕೆ? ಹುಟ್ಟಿದಾಗಿನಿಂದ ನಮ್ಮ ಹಿತ್ತಲನ್ನು ನೋಡಿದವನು ಅವನು. ಅದೇ ಹುಡುಗ ತಾನು ಸಾಕಿದ ತೋಳ ಲಾವಾಕ್ಕೆ ಬಿದ್ದು ಸತ್ತಾಗ ರಾತ್ರಿ ಊಟ ಬಿಟ್ಟಿದ್ದ. ಅವನ ಮನಸ್ಸು ಕಲ್ಲಾಗಿರಲಿಲ್ಲ. ಇಂಥಿಂಥವರಿಗೆ ಇಷ್ಟಿಷ್ಟು ಸಾಕೆಂಬ ಲೆಕ್ಕವೊಂದು ಅವನಿಗೆ ಮನೆಯಿಂದಲೇ ಸಿಕ್ಕಿತ್ತು.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರವೇನು? ಆಟದಲ್ಲಿ ತಪ್ಪೆಂಬುದುಂಟೆ? ಆ ಒಂಬತ್ತು ಗ್ರಂಥಪಾಲಕರಿಗೆ ಅನ್ಯಾಯವಾಗಿದೆಯೆಂದು ನಾನು ಹೇಳಲಾರೆ. ಅಲ್ಲಿ ಯಾರೂ ಇಲ್ಲ. ಹುಡುಗನ ಮಾತು ನಿಜ. ಆದರೆ 'ಇವರಿಗೆ ಇಷ್ಟು ಸಾಕು' ಎಂದು ಅವನು ಆಟದಲ್ಲಿ ಯೋಚಿಸಿದ್ದಕ್ಕೂ ನಾನು ಹಿತ್ತಲಿನಲ್ಲಿ ಯೋಚಿಸಿದ್ದಕ್ಕೂ ಯೋಚನೆಯಾಗಿ ವ್ಯತ್ಯಾಸವೇನೂ ಕಾಣುವುದಿಲ್ಲ. ಅವನು ಯೋಚಿಸಿದಾಗ ಯಾರಿಗೂ ಏನೂ ಆಗಲಿಲ್ಲ. ನಾನು ಯೋಚಿಸಿದಾಗ ಒಂದು ಮಗು ಎಷ್ಟೋ ವರ್ಷ ಹಗಲಿನಲ್ಲಿ ದೀಪ ಹಚ್ಚಿಕೊಂಡು ಓದಿತು. ತಪ್ಪು ಇರುವುದು ಆ ಯೋಚನೆಯಲ್ಲಿ ಎಂದಾದರೆ, ಅದನ್ನು ಪುಕ್ಕಟೆಯಾಗಿ ಹಿಡಿದು ತಿದ್ದಿಕೊಳ್ಳಬಹುದಾದ ಜಾಗ ಆಟವೇ. ಸತ್ತರೂ ಅಲ್ಲಿ ಹಾಸಿಗೆಯಿಂದ ಎದ್ದು ಬರಬಹುದು.

ಎರಡನೆಯ ಕೋಣೆಯನ್ನು ಕೆಡವಬಹುದಿತ್ತು. ಅದರಲ್ಲೂ ಒಂದು ಸಂಸಾರವಿದೆ. ಅದಲ್ಲದೆ, ನಿಜ ಹೇಳಬೇಕಾದರೆ, ಆ ಬಾಡಿಗೆಯನ್ನು ಬಿಡುವ ಧೈರ್ಯ ನನಗೆ ಬರಲಿಲ್ಲ. ಉಳಿದದ್ದು ಮೊದಲ ಕೋಣೆಯ ಇನ್ನೊಂದು ಗೋಡೆ. ಅದು ನಾವು ಬಟ್ಟೆ ಒಗೆಯುವ ಕಲ್ಲಿನ ಕಡೆಗಿದೆ. ಅಲ್ಲಿ ಕಿಟಕಿಯಿಡಬಹುದೆಂಬುದು ಕಟ್ಟಿಸುವಾಗಲೇ ಹೊಳೆದಿತ್ತು. ಇಟ್ಟರೆ ನಮ್ಮ ಹಿತ್ತಲೆಲ್ಲ ಅವರಿಗೆ ಕಾಣುತ್ತದೆಂದು ಬಿಟ್ಟಿದ್ದೆ. ಕನಕನ ಜೊತೆಯ ಶಿಷ್ಯರಂತೆ ನಾನೂ ಒಂದು ಬಾಗಿಲ ಹಿಂದೆ ಹಣ್ಣು ತಿಂದಿದ್ದೆ.

ಕಳೆದ ತಿಂಗಳು ಗಾರೆಯವನನ್ನು ಕರೆಸಿ ಅಲ್ಲಿ ಮೂರಡಿಯ ಕಿಟಕಿಯಿಡಿಸಿದೆ. ಎರಡು ದಿನದ ಕೆಲಸ. ಸಂಜೆ ಬಂದ ಆ ತಾಯಿ ಬಾಗಿಲಲ್ಲೇ ನಿಂತು, "ಬಾಡಿಗೆ ಜಾಸ್ತಿ ಮಾಡ್ತೀರಾ ಸಾರ್?" ಎಂದು ಕೇಳಿದಳು. ಅವಳು ಹಾಗೆ ಕೇಳಬೇಕಾಯಿತಲ್ಲ ಎಂಬುದೇ ನನಗಾದ ಶಿಕ್ಷೆ. ಇಲ್ಲವೆಂದೆ. ಈಗ ಬೆಳಗ್ಗೆ ನಾನು ಹಿತ್ತಲಿನ ಕಲ್ಲಿನ ಮೇಲೆ ಕುಳಿತು ಪತ್ರಿಕೆ ಓದುವಾಗ ಆ ಹುಡುಗಿ ಕಿಟಕಿಯಲ್ಲಿ ಕೂತು ಪಾಠ ಓದಿಕೊಳ್ಳುತ್ತಿರುತ್ತಾಳೆ. ಒಮ್ಮೊಮ್ಮೆ ಇಬ್ಬರೂ ಒಟ್ಟಿಗೆ ತಲೆಯೆತ್ತುತ್ತೇವೆ. ಮೊದಮೊದಲು ನನಗೆ ಮುಜುಗರವಾಗುತ್ತಿತ್ತು.

ಗಾರೆಯವನು ಗೋಡೆ ಒಡೆಯುತ್ತಿದ್ದಾಗ ಮೊಮ್ಮಗ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಅವನಿಗೆ ನಾನು ಮತ್ತೆ ಏನೂ ಹೇಳಲಿಲ್ಲ. ಹೇಳುವ ಯೋಗ್ಯತೆಯೂ ಉಳಿದಿರಲಿಲ್ಲ. ನಾಲ್ಕು ದಿನ ಬಿಟ್ಟು ಅವನೇ ಕರೆದು ತನ್ನ ಗೋಡೆಯನ್ನು ತೋರಿಸಿದ. ಮರಳನ್ನು ಕುಲುಮೆಯಲ್ಲಿಟ್ಟರೆ ಗಾಜಾಗುತ್ತದೆ. ಒಂಬತ್ತು ಗೂಡುಗಳ ಹಿಂದಿನ ಗೋಡೆಗೂ ಒಂದೊಂದು ಗಾಜು ಹಾಕಿದ್ದ. ಆಚೆಗೆ ಅವನು ನೆಟ್ಟ ಓಕ್ ಸಸಿಗಳು ಕಾಣುತ್ತಿದ್ದವು.

"ಬಾಗಿಲು?" ಎಂದೆ.

"ಬಾಗಿಲು ಇಟ್ಟರೆ ಓಡಿಹೋಗ್ತಾರೆ ತಾತ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯೋಚನೆ ಮಾಡ್ತಿದ್ದೀನಿ" ಎಂದ.

ಎರಡನೆಯ ಕೋಣೆಯ ವಿಷಯದಲ್ಲಿ ನಾನೂ ಯೋಚನೆ ಮಾಡುತ್ತಿದ್ದೇನೆ.